ಓದಿದ್ದು ತಿಳಿಯಬೇಕು: ಮನೆಮಂದಿಯ ಇಂಗ್ಲಿಷ್ ಅಭ್ಯಾಸ

ಉದ್ಯೋಗಕ್ಕಾಗಿಯೋ ವಿದ್ಯೆಗಾಗಿಯೋ ಪುಣೆಗೆ ಬಂದು ನೆಲೆಸಿದ ಕನ್ನಡಿಗರ ಬಾಳಿನಲ್ಲಿ ದಿನವೂ ನಾಲ್ಕು ಭಾಷೆಗಳು ಬಂದು ಹೋಗುತ್ತವೆ. ಮನೆಯಲ್ಲಿ ಕನ್ನಡ, ಮಂಡಯಿಯಲ್ಲಿ ಮರಾಠಿ, ಕೆಲಸದ ಜಾಗದಲ್ಲಿ ಹಿಂದಿ. ನಾಲ್ಕನೆಯದಾದ ಇಂಗ್ಲಿಷು ಮಾತ್ರ ಹೆಚ್ಚಿನವರಿಗೆ ಕಾಗದದ ಮೇಲೆಯೇ ಎದುರಾಗುತ್ತದೆ. ಮರಾಠಿ ತಿಳಿಯದಿದ್ದರೆ ತರಕಾರಿ ಮಾರುವವರು ಮತ್ತೊಮ್ಮೆ ಹೇಳುತ್ತಾರೆ, ಕೈಸನ್ನೆ ಮಾಡಿ ತೋರಿಸುತ್ತಾರೆ. ಕಾಗದವು ಹಾಗೆ ಮತ್ತೊಮ್ಮೆ ಹೇಳಲಾರದು. ಬ್ಯಾಂಕಿನ ಅರ್ಜಿ, ವಿಮೆಯ ಪತ್ರ, ಶಾಲೆಯ ಸೂಚನೆ, ರಕ್ತಪರೀಕ್ಷೆಯ ವರದಿ, ಔಷಧದ ಬಾಟಲಿಯ ಮೇಲಿನ ಸಣ್ಣ ಅಕ್ಷರ, ಇವೆಲ್ಲ ಇಂಗ್ಲಿಷಿನಲ್ಲಿಯೇ ಇರುತ್ತವೆ. ಓದುವವರು ತಮ್ಮಷ್ಟಕ್ಕೆ ತಾವೇ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಇವುಗಳಲ್ಲಿ ಔಷಧದ ಮೇಲಿನ ಬರಹವು ಎಲ್ಲಕ್ಕಿಂತ ಮುಖ್ಯವಾದುದು. ಅರ್ಜಿ ತಪ್ಪಿದರೆ ಮತ್ತೊಂದು ಅರ್ಜಿ ಬರೆಯಬಹುದು. ಔಷಧ ತಪ್ಪಿದರೆ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಆದುದರಿಂದ ಇಂಗ್ಲಿಷ್ ವ್ಯಾಕರಣ, ಶಬ್ದಸಂಗ್ರಹ, ಅರ್ಥಗ್ರಹಣ ಈ ಮೂರನ್ನೂ ಮನೆಯ ಔಷಧದ ಡಬ್ಬಿಯನ್ನೇ ಪಠ್ಯವಾಗಿಟ್ಟುಕೊಂಡು ಅಭ್ಯಾಸ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಭಾಷೆಯನ್ನು ಕಲಿಯುವ ಮಕ್ಕಳಿಗೂ ಆರೋಗ್ಯದ ಕಾಳಜಿಯಿರುವ ಹಿರಿಯರಿಗೂ ಇದು ಸಮನಾಗಿ ಉಪಯೋಗಕ್ಕೆ ಬರುವುದೆಂದು ಆಶಿಸಲಾಗಿದೆ.

ಓದುವುದು ಬೇರೆ, ತಿಳಿಯುವುದು ಬೇರೆ

ಗಟ್ಟಿಯಾಗಿ, ತಡವರಿಸದೆ ಓದಿದವರಿಗೆ ಅರ್ಥವೂ ಆಗಿದೆಯೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಈ ಭಾವನೆ ಸರಿಯಲ್ಲವೆಂಬುದನ್ನು ಅಮೆರಿಕದಲ್ಲಿ ನಡೆದ ಒಂದು ಅಧ್ಯಯನವು ಸ್ಪಷ್ಟವಾಗಿ ತೋರಿಸಿಕೊಟ್ಟಿತು. 2006ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೂರು ಊರುಗಳ ಚಿಕಿತ್ಸಾಲಯಗಳಿಗೆ ಬಂದ, ಇಂಗ್ಲಿಷ್ ಮಾತನಾಡುವ 395 ಮಂದಿ ವಯಸ್ಕರಿಗೆ ಔಷಧದ ಚೀಟಿಗಳನ್ನು ಓದಲು ಕೊಡಲಾಗಿತ್ತು. ‘ದಿನಕ್ಕೆ ಎರಡು ಬಾರಿ ಎರಡೆರಡು ಮಾತ್ರೆ ತೆಗೆದುಕೊಳ್ಳಿ’ ಎಂಬರ್ಥದ ಚೀಟಿ ಅವುಗಳಲ್ಲಿ ಒಂದು. ಕಡಿಮೆ ಓದುಬರಹ ಬಲ್ಲವರ ಪೈಕಿ ಶೇಕಡಾ 71ರಷ್ಟು ಮಂದಿ ಆ ಸೂಚನೆಯನ್ನು ಸರಿಯಾಗಿ ಹೇಳಿದರು. ಆದರೆ ‘ಹಾಗಾದರೆ ಒಂದು ದಿನಕ್ಕೆ ಬೇಕಾಗುವ ಮಾತ್ರೆಗಳನ್ನು ಎಣಿಸಿ ತೋರಿಸಿ’ ಎಂದಾಗ ನಾಲ್ಕು ಮಾತ್ರೆಗಳನ್ನು ಸರಿಯಾಗಿ ತೆಗೆದಿಟ್ಟವರು ಶೇಕಡಾ 35ರಷ್ಟು ಮಾತ್ರ!

ಇಂಗ್ಲಿಷನ್ನೇ ಆಡುವವರ ಪಾಡು ಇದಾದರೆ, ಅದನ್ನು ಮೂರನೆಯದೋ ನಾಲ್ಕನೆಯದೋ ಭಾಷೆಯಾಗಿ ಕಲಿತ ನಮ್ಮ ಪಾಡನ್ನು ವಿವರಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೋಗುವ ಮೊಮ್ಮಗಳು ಚೀಟಿಯನ್ನು ಸರಾಗವಾಗಿ ಓದುತ್ತಾಳೆ; ಆದರೆ ರೋಗ, ಪಥ್ಯ, ಔಷಧದ ಹೊತ್ತು ಇವುಗಳ ಅನುಭವ ಆಕೆಗಿಲ್ಲ. ಕಲಬುರಗಿಯಿಂದಲೋ ಬಾಗಲಕೋಟೆಯಿಂದಲೋ ಚಿಕಿತ್ಸೆಗೆಂದು ಬಂದ ಅಜ್ಜಿಗೆ ಆ ಅನುಭವವಿದೆ, ಓದು ಇಲ್ಲ. ಇಬ್ಬರೂ ಜೊತೆಗೂಡಿದರೆ ಚೀಟಿಯ ಅರ್ಥ ಪೂರ್ಣವಾಗುತ್ತದೆ.

ವ್ಯಾಕರಣ: ವಾಕ್ಯದ ತಿರುವುಗಳು

ಪುಣೆಗೆ ಬಂದ ಕನ್ನಡಿಗನಿಗೆ ಮರಾಠಿ ಒಂದೆರಡು ವರ್ಷಗಳಲ್ಲಿ ಒಗ್ಗುತ್ತದೆ, ಇಂಗ್ಲಿಷು ಮಾತ್ರ ಹತ್ತು ವರ್ಷವಾದರೂ ತೊಡಕಾಗಿಯೇ ಉಳಿಯುತ್ತದೆ. ಇದಕ್ಕೆ ಒಂದು ಕಾರಣ ವಾಕ್ಯರಚನೆಯಲ್ಲಿದೆ. ‘ನನಗೆ ಜ್ವರ ಬಂದಿದೆ’ ಎಂಬುದನ್ನು ಮರಾಠಿಯಲ್ಲಿ ‘ಮಲಾ ತಾಪ್ ಆಲಾ ಆಹೇ’ ಎನ್ನುತ್ತಾರೆ. ಪದಕ್ಕೆ ಪದ ಇಟ್ಟು ನೋಡಿದರೆ ಎರಡೂ ಒಂದೇ ಅಚ್ಚಿನವು. ಒಂದು ದ್ರಾವಿಡ ಭಾಷೆ, ಇನ್ನೊಂದು ಆರ್ಯ ಭಾಷೆಯಾಗಿದ್ದರೂ ಬಹುಕಾಲದ ನೆರೆಹೊರೆಯಿಂದ ಇವು ಹತ್ತಿರವಾಗಿವೆ. ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು ಭಾಷೆಗಳು ಪದಗಳನ್ನು ಬೇರೆಯಾಗಿರಿಸಿಕೊಂಡೇ ವಾಕ್ಯರಚನೆಯಲ್ಲಿ ಬಹುಮಟ್ಟಿಗೆ ಒಂದಾಗಿಬಿಟ್ಟಿದ್ದುದನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ವಿವರಿಸಿದ್ದಾರೆ.

ಇಂಗ್ಲಿಷಿನ ಅಚ್ಚು ಬೇರೆ. ಅಲ್ಲಿ ಜ್ವರವು ನಮಗೆ ಬರುವುದಿಲ್ಲ. ನಾವೇ ಜ್ವರವನ್ನು ಹೊಂದಿರುತ್ತೇವೆ: ‘ಐ ಹ್ಯಾವ್ ಫೀವರ್’. ನಮ್ಮ ‘ನನಗೆ’ ಅಲ್ಲಿ ‘ನಾನು’ ಆಗುತ್ತದೆ. ಹಸಿವು, ನೋವು, ಕೆಮ್ಮು, ತಲೆಸುತ್ತು ಎಲ್ಲಕ್ಕೂ ಈ ಮಾರ್ಪಾಡು ಬೇಕು. ಆರೋಗ್ಯದ ಮಾತಿನಲ್ಲಿ ಗಮನವಿಡಬೇಕಾದ ಇನ್ನೂ ನಾಲ್ಕು ತಿರುವುಗಳಿವೆ.

ಮೊದಲನೆಯದು ಕಾಲದ ವಿಚಾರ. ‘ಎರಡು ದಿನದಿಂದ ಜ್ವರವಿದೆ’ ಎಂಬಲ್ಲಿ ಕನ್ನಡವು ವರ್ತಮಾನವನ್ನು ಬಳಸುತ್ತದೆ. ಇಂಗ್ಲಿಷಿನಲ್ಲಿ ‘ಐ ಹ್ಯಾಡ್ ಫೀವರ್ ಫಾರ್ ಟೂ ಡೇಸ್’ ಎಂದರೆ ಎರಡು ದಿನ ಜ್ವರವಿತ್ತು, ಈಗ ಬಿಟ್ಟಿದೆ ಎಂದಾಗುತ್ತದೆ. ‘ಐ ಹ್ಯಾವ್ ಹ್ಯಾಡ್ ಫೀವರ್ ಫಾರ್ ಟೂ ಡೇಸ್’ ಎಂದರೆ ಎರಡು ದಿನದಿಂದ ಇದೆ, ಇನ್ನೂ ಬಿಟ್ಟಿಲ್ಲ. ಒಂದು ‘ಹ್ಯಾವ್’ ಸೇರಿದ ಮಾತ್ರಕ್ಕೆ ರೋಗಿಯ ಸ್ಥಿತಿಯೇ ಬೇರೆಯಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ‘ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್’ ಎಂಬುದು ಕನ್ನಡದ ಅಚ್ಚಿಗೆ ಇಂಗ್ಲಿಷ್ ಪದಗಳನ್ನು ಸುರಿದುದು. ಇಲ್ಲಿಯ ವೈದ್ಯರು ಅದನ್ನು ತಿಳಿಯುತ್ತಾರೆ. ಆದರೂ ‘ಸಿನ್ಸ್’ ಎಂಬುದು ಆರಂಭದ ಗಳಿಗೆಗೆ, ‘ಫಾರ್’ ಎಂಬುದು ಅವಧಿಗೆ ಸೇರಿದುದೆಂದು ತಿಳಿದಿರುವುದು ಒಳ್ಳೆಯದು: ‘ಸಿನ್ಸ್ ಮಂಡೇ’, ‘ಫಾರ್ ಟೂ ಡೇಸ್’.

ಎರಡನೆಯದು ಷರತ್ತಿನ ಸ್ಥಾನ. ‘ಹೊಟ್ಟೆಯಲ್ಲಿ ಹುಣ್ಣಿದ್ದರೆ ಈ ಔಷಧ ಸೇವಿಸಬೇಡಿ’ ಎಂದು ಕನ್ನಡವು ಷರತ್ತನ್ನು ಮೊದಲು ಹೇಳಿ, ವಿಧಿಯನ್ನು ಕೊನೆಗೆ ಇಡುತ್ತದೆ. ಇಂಗ್ಲಿಷ್ ಚೀಟಿಯಲ್ಲಿ ‘ಡು ನಾಟ್ ಟೇಕ್’ ಎಂಬುದೇ ಮೊದಲು ಬಂದು ‘ಇಫ್’ ಎಂಬ ಷರತ್ತು ಅನಂತರ ಬರುವುದು ಹೆಚ್ಚು. ಅರ್ಧ ಓದಿ ನಿಲ್ಲಿಸಿದವರು ಔಷಧವನ್ನೇ ಬಿಟ್ಟುಬಿಡಬಹುದು. ಅಂತಹ ವಾಕ್ಯವನ್ನು ಕೊನೆಯವರೆಗೆ ಓದಿ, ಹಿಂದಿನಿಂದ ಮುಂದಕ್ಕೆ ಕನ್ನಡದಲ್ಲಿ ಹೇಳಿಕೊಳ್ಳುವ ರೂಢಿ ಮಾಡಿಕೊಳ್ಳಬೇಕು.

ಮೂರನೆಯದು ಅಡಗಿದ ನಿಷೇಧ. ‘ಅನ್‌ಲೆಸ್’ ಎಂಬ ಪದದೊಳಗೇ ‘ಇಲ್ಲ’ ಎಂಬ ಅರ್ಥ ಕುಳಿತಿದೆ. ‘ಅನ್‌ಲೆಸ್ ಯುವರ್ ಡಾಕ್ಟರ್ ಟೆಲ್ಸ್ ಯು’ ಎಂದರೆ ‘ವೈದ್ಯರು ಹೇಳದ ಹೊರತು’ ಎಂದರ್ಥ. ‘ವೈದ್ಯರು ಹೇಳಿದರೆ’ ಎಂದಲ್ಲ. ಕನ್ನಡದಲ್ಲಿ ‘ಹೇಳದ’ ಎಂಬ ಕ್ರಿಯೆಯಲ್ಲಿ ನಿಷೇಧ ಕಾಣುತ್ತದೆ. ಇಂಗ್ಲಿಷಿನಲ್ಲಿ ಕ್ರಿಯೆಯು ವಿಧಿರೂಪದಲ್ಲಿಯೇ ಇರುವುದರಿಂದ ಮೋಸ ಹೋಗುವುದು ಸುಲಭ.

ನಾಲ್ಕನೆಯದು ಎಣಿಕೆಯ ಮಾತುಗಳು. ‘ಎವ್ರಿ ಡೇ’ ಎಂದರೆ ಪ್ರತಿದಿನ. ‘ಎವ್ರಿ ಅದರ್ ಡೇ’ ಎಂದರೆ ದಿನ ಬಿಟ್ಟು ದಿನ. ‘ಅಟ್ ಲೀಸ್ಟ್’ ಎಂದರೆ ಕನಿಷ್ಠ. ‘ನಾಟ್ ಮೋರ್ ದ್ಯಾನ್’ ಎಂದರೆ ಮೀರಬಾರದು. ‘ಡೇಲಿ’ ಮತ್ತು ‘ವೀಕ್ಲಿ’ ಎಂಬ ಪದಗಳ ವ್ಯತ್ಯಾಸವನ್ನಂತೂ ಎಷ್ಟು ಒತ್ತಿ ಹೇಳಿದರೂ ಸಾಲದು. ರುಮಟಾಯ್ಡ್ ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆಯನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ಅದನ್ನು ತಪ್ಪಾಗಿ ಪ್ರತಿದಿನ ಸೇವಿಸಿ ರೋಗಿಗಳು ಪ್ರಾಣ ಕಳೆದುಕೊಂಡ ಪ್ರಸಂಗಗಳು ಹಲವು ದೇಶಗಳ ವೈದ್ಯಕೀಯ ದಾಖಲೆಗಳಲ್ಲಿವೆ.

ಶಬ್ದಸಂಗ್ರಹ: ಬೇಕಾದ ಪದಗಳು ಯಾವುವು?

ನಿಘಂಟನ್ನು ಮೊದಲ ಪುಟದಿಂದ ಬಾಯಿಪಾಠ ಮಾಡುವುದು ವ್ಯರ್ಥ ಶ್ರಮ. ಢಾಕಾದಲ್ಲಿ ಅಧ್ಯಾಪಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್ ಎಂಬವರು, ಬಂಗಾಳದ ಮಕ್ಕಳಿಗೆ ಇಂಗ್ಲಿಷ್ ಮಾತಿಗಿಂತ ಮೊದಲು ಇಂಗ್ಲಿಷ್ ಓದು ದಕ್ಕಬೇಕೆಂದು ವಾದಿಸಿ, ಆಯ್ದ ಪದಗಳಿಂದ ಪಾಠಪುಸ್ತಕಗಳನ್ನು ರಚಿಸಿದರು. 1953ರಲ್ಲಿ ಅವರು ಹೊರತಂದ, ಸುಮಾರು 2000 ಪದಗಳ ಪಟ್ಟಿಯು ಇಂಗ್ಲಿಷ್ ಬೋಧನೆಯಲ್ಲಿ ದೀರ್ಘಕಾಲ ಆಧಾರವಾಗಿತ್ತು. ಆಗಾಗ ಬರುವ ಪದಗಳನ್ನು ಮೊದಲು ಕಲಿಯಬೇಕೆಂಬುದು ಇದರ ತತ್ತ್ವ. ಯಾರ ನೆರವೂ ಇಲ್ಲದೆ ಒಂದು ಕಥೆಯನ್ನು ಓದಿ ತಿಳಿಯಬೇಕಾದರೆ ಅದರ ನೂರು ಪದಗಳಲ್ಲಿ 98ರಷ್ಟು ಪರಿಚಿತವಾಗಿರಬೇಕೆಂದು 2000ದಲ್ಲಿ ಪ್ರಕಟವಾದ ಹೂ ಮತ್ತು ನೇಶನ್ ಅವರ ಅಧ್ಯಯನ ಸೂಚಿಸಿತು.

ಆದರೆ ಔಷಧದ ಚೀಟಿಯಲ್ಲಿ ಈ ಲೆಕ್ಕವೂ ಸಾಲದು. ಗೊತ್ತಿಲ್ಲದ ಒಂದೇ ಪದವು ಜೀವಾಳದ ಪದವಾಗಿರಬಹುದು. ‘ಟೀಸ್ಪೂನ್’ ಎಂದರೆ 5 ಮಿಲಿಲೀಟರ್, ‘ಟೇಬಲ್‌ಸ್ಪೂನ್’ ಎಂದರೆ 15 ಮಿಲಿಲೀಟರ್. ಎರಡನ್ನೂ ‘ಚಮಚ’ ಎಂದುಕೊಂಡರೆ ಮಗುವಿಗೆ ಮೂರು ಪಟ್ಟು ಔಷಧ ಹೋಗುತ್ತದೆ. ಹೀಗಾಗಿ ಪ್ರತಿಯೊಂದು ಮನೆಯವರೂ ತಮ್ಮದೇ ಒಂದು ಪದಪಟ್ಟಿಯನ್ನು ಮಾಡಿಕೊಳ್ಳಬೇಕು. ಅದರಲ್ಲಿ ಮೂರು ಬಗೆಯ ಪದಗಳಿಗೆ ವಿಶೇಷ ಸ್ಥಾನ ಕೊಡಬಹುದು.

ಒಂದು, ನಾಡಿನ ಅರ್ಥಕ್ಕೆ ವಿರುದ್ಧವಾಗಿ ಕಾಣುವ ಪದಗಳು. ವರದಿಯಲ್ಲಿ ‘ನೆಗೆಟಿವ್’ ಎಂದು ಕಂಡೊಡನೆ ಎಷ್ಟೋ ಜನ ಹೆದರುತ್ತಾರೆ. ರೋಗಾಣು ಪರೀಕ್ಷೆಯಲ್ಲಿ ‘ನೆಗೆಟಿವ್’ ಎಂದರೆ ಹುಡುಕಿದ್ದು ಸಿಗಲಿಲ್ಲ ಎಂದರ್ಥ. ‘ಪಾಸಿಟಿವ್’ ಎಂದರೆ ಸಿಕ್ಕಿತು. ‘ಹಾರ್ಟ್‌ಬರ್ನ್’ ಎಂಬುದರಲ್ಲಿ ಹೃದಯದ ಹೆಸರಿದ್ದರೂ ಅದು ಜಠರದ ಆಮ್ಲದಿಂದಾಗುವ ಎದೆಯುರಿ. ಎದೆನೋವನ್ನು ‘ಚೆಸ್ಟ್ ಪೇನ್’ ಎಂದೇ ಹೇಳಬೇಕು, ಇವೆರಡನ್ನು ಬೆರೆಸಬಾರದು. ಸ್ಪಿರಿಟ್ ಬಾಟಲಿಯ ಮೇಲಿನ ‘ಇನ್‌ಫ್ಲೇಮಬಲ್’ ಎಂಬ ಪದವು ‘ಇನ್’ ಎಂದು ಆರಂಭವಾದರೂ ಸುಲಭವಾಗಿ ಬೆಂಕಿ ಹತ್ತುವಂಥದು ಎಂದೇ ಹೇಳುತ್ತದೆ.

ಎರಡು, ಸ್ಥಾನವನ್ನು ಸೂಚಿಸುವ ಪದಗಳು. ‘ಫಾರ್ ಎಕ್ಸ್‌ಟರ್ನಲ್ ಯೂಸ್ ಓನ್ಲಿ’ ಎಂದರೆ ಮೈಮೇಲೆ ಹಚ್ಚಲು ಮಾತ್ರ, ಕುಡಿಯಲು ಅಲ್ಲ. ‘ಓರಲ್’ ಎಂದರೆ ಬಾಯಿಯ ಮೂಲಕ. ‘ಎಂಪ್ಟಿ ಸ್ಟಮಕ್’ ಎಂದರೆ ಬರಿಹೊಟ್ಟೆ. ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಲು ಹೇಳುವುದು ಇದಕ್ಕಾಗಿಯೇ.

ಮೂರು, ಇಂಗ್ಲಿಷೇ ಅಲ್ಲದ ಸಂಕೇತಗಳು. ವೈದ್ಯರು ಬರೆಯುವ ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಒ.ಎಸ್. ಮುಂತಾದವು ಲ್ಯಾಟಿನ್ ನುಡಿಗಟ್ಟುಗಳ ಸಂಕ್ಷೇಪಗಳು. ಬಿ.ಡಿ. ಎಂದರೆ ದಿನಕ್ಕೆ ಎರಡು ಸಲ, ಟಿ.ಡಿ.ಎಸ್. ಎಂದರೆ ಮೂರು ಸಲ, ಎಚ್.ಎಸ್. ಎಂದರೆ ಮಲಗುವ ಹೊತ್ತಿಗೆ, ಎಸ್.ಒ.ಎಸ್. ಎಂದರೆ ಅಗತ್ಯವಿದ್ದಲ್ಲಿ ಮಾತ್ರ. ಎ.ಸಿ. ಎಂದರೆ ಊಟಕ್ಕೆ ಮೊದಲು, ಪಿ.ಸಿ. ಎಂದರೆ ಊಟದ ನಂತರ. ಒ.ಡಿ. ಎಂಬುದು ಸಾಮಾನ್ಯವಾಗಿ ದಿನಕ್ಕೊಮ್ಮೆ ಎಂಬುದನ್ನು ಸೂಚಿಸುತ್ತದೆ. ಕಣ್ಣಿನ ವೈದ್ಯರ ಚೀಟಿಯಲ್ಲಿ ಅದೇ ಒ.ಡಿ. ಬಲಗಣ್ಣು ಎಂಬುದಕ್ಕೂ ನಿಲ್ಲುತ್ತದೆ. ಆದುದರಿಂದ ಇಂಗ್ಲಿಷ್ ಪದವೀಧರರೂ ಇವುಗಳನ್ನು ಊಹಿಸಬಾರದು, ಕೇಳಿ ತಿಳಿಯಬೇಕು. ಔಷಧದ ಮೂಲಹೆಸರನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮವನ್ನು ತಿದ್ದಿತು. ಓದಲಾಗದ ಅಕ್ಷರವನ್ನು ಕಂಡಾಗ ‘ಬಿಡಿಸಿ ಹೇಳಿ’ ಎಂದು ಕೇಳುವುದರಲ್ಲಿ ಸಂಕೋಚಪಡುವ ಕಾರಣವಿಲ್ಲ.

ಕಲಿತ ಪದಗಳು ನೆನಪಿನಲ್ಲಿ ಉಳಿಯುವ ಬಗೆ ಹೇಗೆ? ಕಲಿತದ್ದು ಮೊದಲ ಒಂದೆರಡು ದಿನಗಳಲ್ಲಿಯೇ ಅತಿ ಬೇಗ ಮರೆತುಹೋಗುತ್ತದೆಂಬುದನ್ನು ಜರ್ಮನಿಯ ಎಬಿಂಗ್‌ಹಾಸ್ 1885ರಲ್ಲಿಯೇ ತನ್ನ ಮೇಲೆ ಪ್ರಯೋಗ ಮಾಡಿಕೊಂಡು ತೋರಿಸಿದ್ದನು. ಒಂದೇ ಸಂಜೆ ಇಪ್ಪತ್ತು ಸಲ ಓದುವುದಕ್ಕಿಂತ ಇಂದು, ನಾಳೆ, ಮೂರು ದಿನಗಳ ಮೇಲೆ, ವಾರದ ಮೇಲೆ ಹೀಗೆ ಅಂತರವಿಟ್ಟು ನೆನಪಿಸಿಕೊಳ್ಳುವುದು ಹೆಚ್ಚು ಫಲಕಾರಿ. ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ತನ್ನನ್ನು ತಾನೇ ಪರೀಕ್ಷಿಸಿಕೊಂಡಾಗ ವಾರದ ನಂತರವೂ ಹೆಚ್ಚು ನೆನಪಿರುತ್ತದೆಂದು ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ತೋರಿಸಿದರು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಒಂದು ಬದಿಗೆ ಇಂಗ್ಲಿಷ್ ಪದ, ಇನ್ನೊಂದು ಬದಿಗೆ ಕನ್ನಡದ ಅರ್ಥ ಬರೆದಿಟ್ಟರೆ ಖರ್ಚಿಲ್ಲದ ಸಾಧನ ಸಿದ್ಧವಾಯಿತು. ನೆನಪಾದ ಚೀಟಿಗಳನ್ನು ಹಿಂದಿನ ಖಾನೆಗೆ, ಮರೆತ ಚೀಟಿಗಳನ್ನು ಮುಂದಿನ ಖಾನೆಗೆ ಹಾಕಿ, ಮುಂದಿನ ಖಾನೆಯನ್ನು ದಿನವೂ, ಹಿಂದಿನದನ್ನು ವಾರಕ್ಕೊಮ್ಮೆಯೂ ತಿರುವಿ ನೋಡಬೇಕು.

ಅರ್ಥಗ್ರಹಣ: ಮಾಡಿ ತೋರಿಸುವ ಓದು

ಅರ್ಥಗ್ರಹಣದ ಅಭ್ಯಾಸಕ್ಕೆ ದಾರಿ ತೋರಿದ ಒಂದು ಪ್ರಯೋಗ ನಮ್ಮ ನಾಡಿನಲ್ಲಿಯೇ ನಡೆದುದು ಅಭಿಮಾನದ ಸಂಗತಿ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ಬೆಂಗಳೂರು, ಮದರಾಸು ಮುಂತಾದ ಕಡೆಗಳ ಶಾಲೆಗಳಲ್ಲಿ ನಡೆದ ಈ ಪ್ರಯೋಗವು ಜಗತ್ತಿನ ಭಾಷಾಬೋಧಕರಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ಅಲ್ಲಿ ಮಕ್ಕಳಿಗೆ ವ್ಯಾಕರಣದ ಸೂತ್ರಗಳನ್ನು ಮೊದಲು ಹೇಳಿಕೊಡಲಿಲ್ಲ. ರೈಲ್ವೆ ವೇಳಾಪಟ್ಟಿ, ನಕ್ಷೆ ಇಂಥವುಗಳನ್ನು ಕೊಟ್ಟು, ಅವುಗಳಿಂದ ಒಂದು ಪ್ರಶ್ನೆಯನ್ನು ಬಿಡಿಸುವ ಕೆಲಸವನ್ನು ಒಪ್ಪಿಸಲಾಗುತ್ತಿತ್ತು. ಮೊದಲು ಇಡೀ ತರಗತಿಯು ಶಿಕ್ಷಕರೊಡನೆ ಅಂತಹುದೇ ಒಂದು ಕೆಲಸವನ್ನು ಬಾಯ್ಮಾತಿನಲ್ಲಿ ಬಿಡಿಸುವುದು, ಅನಂತರ ಪ್ರತಿಯೊಬ್ಬರೂ ಇನ್ನೊಂದನ್ನು ತಾವಾಗಿಯೇ ಬಿಡಿಸುವುದು, ಇದು ಕ್ರಮ. ಮನಸ್ಸು ಅರ್ಥದಲ್ಲಿ ತೊಡಗಿದ್ದಾಗ ಭಾಷೆ ತಾನಾಗಿ ಒಳಗಿಳಿಯುತ್ತದೆಂಬುದು ಪ್ರಭು ಅವರ ನಿಲುವು. ಮುಂದೆ ಬೆರೆಟ್ಟಾ ಮತ್ತು ಡೇವಿಸ್ ಅವರು ಮಾಡಿದ ಮೌಲ್ಯಮಾಪನದಲ್ಲಿ ಫಲಿತಾಂಶ ಮಿಶ್ರವಾಗಿತ್ತು. ವಾಕ್ಯರಚನೆಯ ಪರೀಕ್ಷೆಯಲ್ಲಿ ಸಾಂಪ್ರದಾಯಿಕ ತರಗತಿಯವರದೇ ಮೇಲುಗೈಯಾದರೆ, ಅರ್ಥಕ್ಕೆ ಒತ್ತು ಕೊಟ್ಟ ಪರೀಕ್ಷೆಗಳಲ್ಲಿ ಪ್ರಭು ಅವರ ವಿದ್ಯಾರ್ಥಿಗಳು ಮುಂದಿದ್ದರು. ಆದ್ದರಿಂದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಅದರ ಜೊತೆಗೆ ‘ಮಾಡಿ ತೋರಿಸುವ ಓದು’ ಸೇರಬೇಕು.

ಮನೆಯಲ್ಲಿ ಮಾಡಬಹುದಾದ ಒಂದು ಪಾಠವನ್ನು ಉದಾಹರಣೆಗಾಗಿ ಕೊಡಲಾಗಿದೆ. ಚೀಟಿಯ ಮೇಲೆ ಹೀಗಿದೆಯೆಂದು ಇಟ್ಟುಕೊಳ್ಳೋಣ:

‘ಟೇಕ್ ಟೂ ಟ್ಯಾಬ್ಲೆಟ್ಸ್ ಟ್ವೈಸ್ ಡೇಲಿ ಆಫ್ಟರ್ ಫುಡ್ ಫಾರ್ ಫೈವ್ ಡೇಸ್. ಡು ನಾಟ್ ಸ್ಟಾಪ್ ಅರ್ಲಿಯರ್ ಅನ್‌ಲೆಸ್ ಯುವರ್ ಡಾಕ್ಟರ್ ಟೆಲ್ಸ್ ಯು ಟು.’

ಇದನ್ನು ಓದಿದ ಮೇಲೆ ‘ಅರ್ಥವಾಯಿತೆ?’ ಎಂದು ಕೇಳಬಾರದು. ಆ ಪ್ರಶ್ನೆಗೆ ಎಲ್ಲರೂ ‘ಆಯಿತು’ ಎಂದೇ ಉತ್ತರಿಸುತ್ತಾರೆ. ಅದರ ಬದಲು ಹೀಗೆ ಕೇಳಬೇಕು:

1. ಒಂದು ಹೊತ್ತಿಗೆ ಎಷ್ಟು ಮಾತ್ರೆ? ದಿನಕ್ಕೆ ಒಟ್ಟು ಎಷ್ಟು? ತಟ್ಟೆಯಲ್ಲಿ ಇಟ್ಟು ತೋರಿಸಿ.
2. ಅಂಗಡಿಯಿಂದ ಎಷ್ಟು ಮಾತ್ರೆ ತರಬೇಕು?
3. ಬೆಳಗಿನ ಉಪಾಹಾರಕ್ಕೆ ಮೊದಲು ತೆಗೆದುಕೊಳ್ಳಬಹುದೆ?
4. ಮೂರನೆಯ ದಿನಕ್ಕೆ ಜ್ವರ ಬಿಟ್ಟರೆ ಏನು ಮಾಡಬೇಕು?
5. ಯಾರು ಹೇಳಿದರೆ ನಡುವೆ ನಿಲ್ಲಿಸಬಹುದು? ಚೀಟಿಯ ಯಾವ ಪದ ಇದನ್ನು ತಿಳಿಸುತ್ತದೆ?

ಉತ್ತರಗಳು: ಎರಡು, ಒಟ್ಟು ನಾಲ್ಕು, ಇಪ್ಪತ್ತು, ಇಲ್ಲ, ಆಹಾರದ ನಂತರವೇ, ಐದು ದಿನವೂ ಮುಂದುವರಿಸಬೇಕು, ವೈದ್ಯರು, ‘ಅನ್‌ಲೆಸ್’. ಮೊದಲೆರಡು ಪ್ರಶ್ನೆಗಳಿಗೆ ಲೆಕ್ಕ ಬೇಕು, ಮೂರನೆಯದಕ್ಕೆ ಪದದ ಅರ್ಥ ಬೇಕು, ಕೊನೆಯ ಎರಡಕ್ಕೆ ವ್ಯಾಕರಣ ಬೇಕು. ಶಾಲೆಯ ಮೂರು ಪಾಠಗಳು ಎರಡು ವಾಕ್ಯಗಳಲ್ಲಿ ಅಡಗಿವೆ.

ಇನ್ನೊಂದು ಉತ್ತಮ ಪಠ್ಯವೆಂದರೆ ವಾಂತಿಭೇದಿಗೆ ಕೊಡುವ ಒ.ಆರ್.ಎಸ್. ಪುಡಿಯ ಪೊಟ್ಟಣ. ಕೆಲವು ಪೊಟ್ಟಣಗಳನ್ನು 1 ಲೀಟರ್ ನೀರಿಗೂ ಸಣ್ಣ ಪೊಟ್ಟಣಗಳನ್ನು 200 ಮಿಲಿಲೀಟರ್ ನೀರಿಗೂ ಬೆರೆಸಬೇಕಾಗುತ್ತದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪಿನಂಶ ಮಿತಿಮೀರಿ ಮಗುವಿಗೆ ಅಪಾಯವಾಗುತ್ತದೆ. ನೀರು ಹೆಚ್ಚಾದರೆ ಔಷಧದ ಗುಣವೇ ಹೋಗುತ್ತದೆ. ಪೊಟ್ಟಣದ ಬರಹವನ್ನು ಓದಿ, ಅಳತೆಯ ಪಾತ್ರೆಯಲ್ಲಿ ನೀರು ತೆಗೆದು ತೋರಿಸುವುದು ಹತ್ತು ವರ್ಷದ ಮಕ್ಕಳಿಗೂ ಒಳ್ಳೆಯ ಅಭ್ಯಾಸ. ಔಷಧವಲ್ಲದ ಪಠ್ಯ ಬೇಕೆನ್ನುವವರಿಗೆ ರೈಲ್ವೆ ವೇಳಾಪಟ್ಟಿ ಇದ್ದೇ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಯಿಂದ ಸೊಲ್ಲಾಪುರದ ಮಾರ್ಗವಾಗಿ ಕಲಬುರಗಿಗೆ ಹೋಗಲು ಎಷ್ಟು ಗಂಟೆ ಹಿಡಿಯುತ್ತದೆಂದು ಮಕ್ಕಳೇ ಓದಿ ಲೆಕ್ಕ ಹಾಕಲಿ.

ವಾರದ ಪಾಠಕ್ರಮ

ಪ್ರತಿದಿನ 20 ನಿಮಿಷ ಸಾಕು. ಸೋಮವಾರ ಒಂದು ಚೀಟಿಯನ್ನೋ ಸೂಚನೆಯನ್ನೋ ಆಯ್ದು ಮೌನವಾಗಿ ಓದಿ, ತಿಳಿಯದ ಪದಗಳಿಗೆ ಗೆರೆ ಎಳೆಯಬೇಕು. ಮಂಗಳವಾರ ಆ ಪದಗಳನ್ನು ನಿಘಂಟಿನಲ್ಲಿ ನೋಡಿ ಕಾರ್ಡಿನ ಮೇಲೆ ಬರೆಯಬೇಕು. ಐದಾರು ಪದಗಳಿಗಿಂತ ಹೆಚ್ಚು ಬೇಡ. ಬುಧವಾರ ಒಂದು ವಾಕ್ಯವನ್ನು ಕನ್ನಡದ ಕ್ರಮಕ್ಕೆ ತಿರುಗಿಸಿ ಬರೆಯಬೇಕು. ಗುರುವಾರ ಪುಸ್ತಕ ಮುಚ್ಚಿ, ಆ ಕನ್ನಡ ವಾಕ್ಯದಿಂದ ಇಂಗ್ಲಿಷ್ ವಾಕ್ಯವನ್ನು ಮತ್ತೆ ಕಟ್ಟಿ, ಮೂಲದೊಡನೆ ಹೋಲಿಸಬೇಕು. ತಪ್ಪಿದ ಜಾಗವೇ ಅಂದಿನ ವ್ಯಾಕರಣಪಾಠ. ಶುಕ್ರವಾರ ಮಕ್ಕಳು ಓದುವುದು, ಹಿರಿಯರು ಕನ್ನಡದಲ್ಲಿ ಪ್ರಶ್ನೆ ಕೇಳುವುದು. ಶನಿವಾರ ಹಿರಿಯರು ತಮ್ಮ ಮಾತಿನಲ್ಲಿ ಸೂಚನೆಯನ್ನು ತಿರುಗಿ ಹೇಳುವುದು, ಮಕ್ಕಳು ಸರಿಯೋ ತಪ್ಪೋ ನೋಡುವುದು. ಭಾನುವಾರ ವಾರದ ಕಾರ್ಡುಗಳ ಪುನರಾವರ್ತನೆ.

ಕೇಳಿದ್ದನ್ನು ತಿರುಗಿ ಹೇಳಿಸುವ ಈ ಶನಿವಾರದ ಕ್ರಮವನ್ನು ವೈದ್ಯರೂ ದಾದಿಯರೂ ರೋಗಿಗಳ ವಿಷಯದಲ್ಲಿ ಅನುಸರಿಸುತ್ತಾರೆ. ಔಷಧದ ಅಂಗಡಿಯಲ್ಲಿ ನಾವೂ ಇದನ್ನು ಮಾಡಬಹುದು: ‘ಬೆಳಿಗ್ಗೆ ಎರಡು, ರಾತ್ರಿ ಎರಡು, ಊಟದ ಮೇಲೆ, ಸರಿಯೇ?’ ಎಂದು ಮರಾಠಿಯಲ್ಲಿ ಕೇಳಿದರೂ ಆಯಿತು. ಅಂಗಡಿಯವರು ಪೊಟ್ಟಣದ ಮೇಲೆ ಬರೆಯುವ 1-0-1 ಎಂಬ ಅಂಕಿಗಳು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲಿರುತ್ತವೆಂಬುದನ್ನು ಮನೆಯ ಎಲ್ಲರಿಗೂ ತಿಳಿಸಿಡಬೇಕು. ಮನೆಯ ಅಭ್ಯಾಸವು ವೈದ್ಯರ ಮಾತಿಗೆ ಬದಲಿಯಲ್ಲ. ಸಂದೇಹ ಉಳಿದಲ್ಲಿ ಅವರನ್ನೇ ಕೇಳಬೇಕು.

ಕನ್ನಡದ ಆಸರೆ

ಇಂಗ್ಲಿಷ್ ಕಲಿಯಬೇಕಾದರೆ ಮನೆಯಲ್ಲಿ ಕನ್ನಡವನ್ನು ಬಿಡಬೇಕೆಂಬ ತಪ್ಪು ತಿಳುವಳಿಕೆ ಹೊರನಾಡ ಕನ್ನಡಿಗರಲ್ಲಿ ಅಲ್ಲಲ್ಲಿ ಕಂಡುಬರುತ್ತದೆ. ಮೇಲೆ ಹೇಳಿದ ಪ್ರತಿಯೊಂದು ಅಭ್ಯಾಸದಲ್ಲಿಯೂ ಅರ್ಥವನ್ನು ಒರೆಗೆ ಹಚ್ಚಲು ಕನ್ನಡವೇ ಬೇಕಾಯಿತೆಂಬುದನ್ನು ಗಮನಿಸಬೇಕು. ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ 1918ರಲ್ಲಿ ಪದವೀಧರರಾದ ದ. ರಾ. ಬೇಂದ್ರೆಯವರು ಕನ್ನಡದ ವರಕವಿಯಾದರು, ಮರಾಠಿಯಲ್ಲಿಯೂ ಬರೆದರು. ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ವಿ. ಕೃ. ಗೋಕಾಕರು ಮುಂದೆ, 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಬೋಧನೆಗೆ ಮಾರ್ಗದರ್ಶನ ಮಾಡಿದರು. ಇಬ್ಬರೂ ಕನ್ನಡ ಕೃತಿಗಳಿಗಾಗಿ ಜ್ಞಾನಪೀಠ ಪ್ರಶಸ್ತಿ ಪಡೆದವರು. ಒಂದು ಭಾಷೆಯಲ್ಲಿ ಗಟ್ಟಿಯಾಗಿ ನಿಂತವರಿಗೆ ಇನ್ನೊಂದು ಭಾಷೆ ಭಾರವಾಗಲಿಲ್ಲ.

ನಮಗೆ ಅವರಷ್ಟು ಪಾಂಡಿತ್ಯ ಬೇಕಾಗಿಲ್ಲ. ಊರಿನಿಂದ ಬಂದ ತಾಯಿಗೆ ರಾತ್ರಿ ಎಷ್ಟು ಮಾತ್ರೆ ಕೊಡಬೇಕು, ಮಗುವಿಗೆ ಯಾವ ಚಮಚ ಹಿಡಿಯಬೇಕು, ವರದಿಯಲ್ಲಿ ಬರೆದಿರುವುದು ಆತಂಕಕ್ಕೆ ಕಾರಣವೇ ಸಮಾಧಾನಕ್ಕೆ ಕಾರಣವೇ ಎಂಬುದನ್ನು ಓದಿ ತಿಳಿಯುವಷ್ಟು ಇಂಗ್ಲಿಷು ನಮ್ಮ ಪ್ರತಿಯೊಂದು ಮನೆಯಲ್ಲಿಯೂ ಇರಬೇಕು. ಈ ಸಂಚಿಕೆಯನ್ನು ಕೆಳಗಿಟ್ಟೊಡನೆ ಮನೆಯ ಔಷಧದ ಡಬ್ಬಿಯನ್ನು ತೆರೆದು, ಮೊದಲು ಕೈಗೆ ಸಿಕ್ಕಿದ ಚೀಟಿಯಿಂದಲೇ ಪಾಠವನ್ನು ಆರಂಭಿಸಬಹುದು. ಅವಧಿ ಮುಗಿದ ಔಷಧಗಳಿದ್ದರೆ ಅವೂ ಆಗಲೇ ಕಣ್ಣಿಗೆ ಬೀಳುವುವು.